ಹರಿದಿನವೂ ಔಷಧಸೇವನೆಯೂ

॥ ಶ್ರೀಹರಿವಾಯುಗುರುಭ್ಯೋ ನಮಃ ॥



ಮುಂಬಯಿಯ ಉಪನಗರವೊಂದರಲ್ಲಿ ನೆಲೆಸಿರುವ ವೃದ್ಧ ಗೃಹಸ್ಥರೊಬ್ಬರು ಮಠಕ್ಕೆ ಬಂದು ಪ್ರಾಯಶ್ಚಿತ್ತವನ್ನು ಕೇಳಿದರು. ಮೂವತ್ತು ವರ್ಷಗಳಿಂದ ನಿರ್ಜಲ ಏಕಾದಶಿಯನ್ನು ತಪ್ಪಿಸದವರು. ಮಧುಮೇಹಕ್ಕೆ ಗ್ಲಿಮೆಪಿರೈಡ್, ರಕ್ತದೊತ್ತಡಕ್ಕೆ ಮೆಟೊಪ್ರೊಲಾಲ್; ಜೊತೆಗೆ ಮೂತ್ರಪಿಂಡಗಳ ದೌರ್ಬಲ್ಯ. ಔಷಧಿಯನ್ನು ಬಿಡಕೂಡದೆಂಬ ಮಾತನ್ನು ನೆನೆದು ಹರಿದಿನದಂದು ಎರಡನ್ನೂ ಒಂದೇ ಗುಟುಕು ನೀರಿನಲ್ಲಿ ನುಂಗಿದರು. ಸಂಜೆಯ ಹೊತ್ತಿಗೆ ಮೈ ಬೆವರಿ ಮಾತು ತೊದಲಿತು. ಸೊಸೆ ತಂದ ಸಕ್ಕರೆ ನೀರನ್ನು ಕೈಯಿಂದ ತಳ್ಳಿದರು; ಆಕೆ ಬಿಡದೆ ಕುಡಿಸಿದಳು. ಜೀವ ಉಳಿಯಿತು, ಸೊಸೆಯೊಡನೆ ಮಾತು ನಿಂತಿತು. "ನನ್ನ ವ್ರತವನ್ನು ಕೆಡಿಸಿದವಳ ಕೈಯ ಅಡಿಗೆ ದೇವರ ನೈವೇದ್ಯಕ್ಕೆ ಯೋಗ್ಯವೇ?" ಎಂಬುದು ಅವರ ಪ್ರಶ್ನೆ.

ಏಕಾದಶಿಯ ಮಹಿಮೆಯನ್ನು ಶ್ರೀಮದಾಚಾರ್ಯರು ಕೃಷ್ಣಾಮೃತಮಹಾರ್ಣವದಲ್ಲಿ ಎಷ್ಟು ಬಲವಾಗಿ ಪ್ರತಿಪಾದಿಸಿರುವರೆಂಬುದು ಸರ್ವವಿದಿತ. ಆದರೆ ಉಪವಾಸವನ್ನು ಎಂಟರಿಂದ ಎಂಬತ್ತು ವರ್ಷದವರಿಗೆ ವಿಧಿಸಿದ ಧರ್ಮಶಾಸ್ತ್ರವೇ ನೀರು, ಹಣ್ಣು, ಹಾಲು, ಗುರುವಚನ, ಔಷಧ ಮೊದಲಾದ ಎಂಟು ವ್ರತವನ್ನು ಕೆಡಿಸವೆಂದೂ ಹೇಳಿದೆ. ಶಕ್ತರು ಇದನ್ನು ನೆಪ ಮಾಡಿಕೊಳ್ಳಬಾರದು. ನಮ್ಮ ಹಿರಿಯರು ಈ ವಿಷಯದಲ್ಲಿ ಬಿಗಿಯಾಗಿದ್ದುದು ಸರಿಯೇ. ಆದರೆ ಅಶಕ್ತನು ಶಕ್ತನಂತೆ ನಟಿಸುವುದೂ ಶಾಸ್ತ್ರಸಮ್ಮತವಲ್ಲ. ಮುಖ್ಯಪ್ರಾಣದೇವರು ದಿನಕ್ಕೆ 21,600 ಬಾರಿ ಹಂಸಮಂತ್ರವನ್ನು ಜಪಿಸುವ ಈ ದೇಹ ನಮ್ಮ ಸ್ವಂತ ಆಸ್ತಿಯೇ? ಅಸ್ವತಂತ್ರನಾದ ಜೀವನಿಗೆ ಸಾಧನೆಗಾಗಿ ಶ್ರೀಹರಿಯು ಕೊಟ್ಟದ್ದು. ಧನ್ವಂತರಿಯಾಗಿ ಅವತರಿಸಿದವನೂ ಆತನೇ.

ಆ ದಿನ ನಡೆದದ್ದನ್ನು ವಿಚಾರಿಸೋಣ. ಗ್ಲಿಮೆಪಿರೈಡ್ ಉಂಡರೂ ಉಣ್ಣದಿದ್ದರೂ ಇನ್ಸುಲಿನ್ನನ್ನು ಹೊರಡಿಸುತ್ತದೆ. ಅನ್ನವಿಲ್ಲದಾಗ ಸಕ್ಕರೆ ಕುಸಿಯುತ್ತದೆ. ಕುಸಿತವನ್ನು ಸೂಚಿಸುವ ನಡುಕ, ಎದೆಬಡಿತಗಳನ್ನು ಮೆಟೊಪ್ರೊಲಾಲ್ ಮರೆಮಾಡುತ್ತದೆ; ಬೆವರು ಉಳಿಯುವ ಸುಳಿವು. ದುರ್ಬಲ ಮೂತ್ರಪಿಂಡಗಳಿರುವಲ್ಲಿ ಔಷಧದ ಪ್ರಭಾವ ಬೇಗ ಇಳಿಯದು. ಒಮ್ಮೆ ಏರಿದ ಸಕ್ಕರೆ ಮತ್ತೆ ಇಳಿಯಬಹುದು. ಒಂದೊಂದು ಮಾತ್ರೆಯೂ ಯೋಗ್ಯವೇ, ಮೂರು ಸ್ಥಿತಿಗಳು ಉಪವಾಸದೊಡನೆ ಕೂಡಿದ್ದೇ ಅಪಾಯ. ಡಾಪಾಗ್ಲಿಫ್ಲೋಜಿನ್‌ನಂತಹ ಮಾತ್ರೆ ಸೇವಿಸುವವರಿಗೆ ನಿರಾಹಾರ ನಿರ್ಜಲಗಳಿಂದ ಬೇರೆ ಭಯವಿದೆ: ಸಕ್ಕರೆ ಹೆಚ್ಚು ಏರದೆಯೇ ರಕ್ತ ಆಮ್ಲಮಯವಾಗಬಹುದು. ಹಾಗೆಂದು ತಾವಾಗಿಯೇ ಇನ್ಸುಲಿನ್ ನಿಲ್ಲಿಸುವುದೂ ಕೆಲವರಿಗೆ ಪ್ರಾಣಾಂತಿಕ.

ಪರಸ್ಥಳದಲ್ಲಿರುವ ನಮಗೆ ಇನ್ನೊಂದು ತೊಡಕು. ಮುಂಬಯಿ, ಪುಣೆಗಳ ವೈದ್ಯರಿಗೆ "ಉಪವಾಸ" ಎಂದರೆ ಸಾಬೂದಾಣೆಯ ಖಿಚಡಿ, ಶೇಂಗಾ, ಬಟಾಟೆ ನೆನಪಾಗುವುದು ಸಹಜ. ದಶಮಿಯ ಮಧ್ಯಾಹ್ನದ ಊಟದಿಂದ ದ್ವಾದಶಿಯ ಪಾರಣೆಯವರೆಗೆ 40 ಗಂಟೆಗೂ ಮಿಕ್ಕಿ ಅನ್ನವಿಲ್ಲ, ಏಕಾದಶಿಯಿಡೀ ನೀರೂ ಇಲ್ಲವೆಂದು ನಾವು ಬಾಯಿಬಿಟ್ಟು ಹೇಳದೆ ಅವರಿಗೆ ತಿಳಿಯುವ ಬಗೆಯೇನು? ಪಂಚಾಂಗವನ್ನೇ ಅವರ ಮುಂದಿಡಿರಿ. ಹೃದಯದ ವೈದ್ಯರ ಚೀಟಿ, ಮಂಡಿನೋವಿನ ವೈದ್ಯರ ಚೀಟಿ, ಊರಿನಿಂದ ತರಿಸಿದ ಕಷಾಯ ಎಲ್ಲವನ್ನೂ ಒಬ್ಬರಿಗೆ ತೋರಿಸಿರಿ. ಉಬ್ಬಸಕ್ಕೋ ಸಂಧಿವಾತಕ್ಕೋ ಸ್ಟೆರಾಯ್ಡ್ ಕೊಟ್ಟಿದ್ದರೆ ಸಕ್ಕರೆ ಏರುವುದು. ಶಸ್ತ್ರಚಿಕಿತ್ಸೆ ನಿಶ್ಚಯವಾಗಿದ್ದರೆ ಕೆಲವು ಮಾತ್ರೆಗಳನ್ನು ದಿನಗಳ ಮೊದಲೇ ನಿಲ್ಲಿಸಬೇಕಾಗುವುದು. ನಿರ್ಧಾರ ವೈದ್ಯರದು, ಮುಚ್ಚಿಡದಿರುವ ಧರ್ಮ ನಮ್ಮದು. ಅವರು ನಿರಾಹಾರ ಸಲ್ಲದೆಂದರೆ ಹಾಲುಹಣ್ಣಿನಲ್ಲಿ ಹರಿದಿನವನ್ನು ಕಳೆದು, ಜಪ ಪಾರಾಯಣಗಳನ್ನು ಹೆಚ್ಚಿಸಬಹುದು. ಸಕ್ಕರೆ 70ಕ್ಕಿಂತ ಇಳಿದರೆ ತಿಥಿಯನ್ನು ನೋಡುತ್ತ ಕೂಡದೆ ಮೂರು ಚಮಚ ಸಕ್ಕರೆಯನ್ನು ನೀರಿನಲ್ಲಿ ಕುಡಿದು, 15 ನಿಮಿಷಕ್ಕೆ ಮತ್ತೆ ಪರೀಕ್ಷಿಸಬೇಕು. ಎಚ್ಚರ ತಪ್ಪಿದವರ ಬಾಯಿಗೆ ಏನನ್ನೂ ಹಾಕದೆ ಆಸ್ಪತ್ರೆಗೆ ಒಯ್ಯಬೇಕು.

ಆ ಹಿರಿಯರಿಗೆ ಪ್ರಾಯಶ್ಚಿತ್ತವೇನನ್ನೂ ವಿಧಿಸಲಿಲ್ಲ. ಆ ಸಂಜೆ ಮನೆಯಲ್ಲಿ ಶಾಸ್ತ್ರವನ್ನು ನಡೆಸಿದವಳು ನಿಮ್ಮ ಸೊಸೆ ಎಂದಷ್ಟೇ ಹೇಳಿದೆವು. ಅವರು ಬಹಳ ಹೊತ್ತು ಮಾತನಾಡದೆ ಕುಳಿತು, ಮಂತ್ರಾಕ್ಷತೆ ಪಡೆದು ಹೋದರು. ಮುಂದಿನ ದ್ವಾದಶಿಯಂದು ಆಕೆ ಮಾಡಿದ ಅಗಸೆಸೊಪ್ಪಿನ ಪಲ್ಯ, ನೆಲ್ಲಿಕಾಯಿ ಗೊಜ್ಜುಗಳನ್ನೇ ದೇವರಿಗೆ ನೈವೇದ್ಯ ಮಾಡಿದರೆಂದು ಅವರ ಮಗ ಬಂದು ತಿಳಿಸಿದರು.

॥ ಶ್ರೀಕೃಷ್ಣಾರ್ಪಣಮಸ್ತು ॥