ಹರೆಯದ ಮಕ್ಕಳೂ ಹೆತ್ತವರ ಹೊಣೆಯೂ

ಹೇಳಿದ ಮಾತಿಗೆಲ್ಲ ‘ಆಗಲಿ’ ಎನ್ನುತ್ತಿದ್ದ ಮಗು ಹದಿಮೂರು ಹದಿನಾಲ್ಕನೆಯ ವರ್ಷಕ್ಕೆ ಕಾಲಿಟ್ಟೊಡನೆ ‘ಏಕೆ?’ ಎಂದು ಕೇಳತೊಡಗುತ್ತದೆ. ಈ ಒಂದು ಪ್ರಶ್ನೆಯೇ ಎಷ್ಟೋ ಮನೆಗಳಲ್ಲಿ ಕಲಹಕ್ಕೆ ಮೂಲವಾಗುತ್ತದೆ. ವಿಧೇಯತೆಯೇ ಸದ್ಗುಣವೆಂದು ಬಗೆದ ಹಿರಿಯರಿಗೆ ಪ್ರಶ್ನೆಯು ಅವಿನಯವಾಗಿ ತೋರುತ್ತದೆ. ಆದುದರಿಂದ ಸದ್ಗೃಹಸ್ಥರು ಮೊದಲು ತಮ್ಮನ್ನೇ ಕೇಳಿಕೊಳ್ಳಬೇಕಾದುದು ಇದು: ಮಕ್ಕಳಲ್ಲಿ ನಾವು ಬಯಸುವುದು ವಿಧೇಯತೆಯನ್ನೋ, ಸದಾಚಾರವನ್ನೋ?

ಇವೆರಡೂ ಒಂದೇ ಅಲ್ಲ. ವಿಧೇಯತೆಗೆ ಕಾಯುವವರ ಕಣ್ಣು ಬೇಕು. ಸದಾಚಾರಕ್ಕೆ ತನ್ನ ಅರಿವೇ ಸಾಕ್ಷಿ. ಅಪ್ಪನ ಭಯದಿಂದ ಸುಳ್ಳಾಡದ ಹುಡುಗನು ಅಪ್ಪನಿಲ್ಲದೆಡೆ ಸುಳ್ಳಾಡಿಯಾನು. ಅಷ್ಟೇ ಅಲ್ಲ, ಭಯವು ಹೆಚ್ಚಿದಂತೆಲ್ಲ ಅಪ್ಪನ ಎದುರಿನಲ್ಲಿಯೇ ಸುಳ್ಳಾಡುವುದನ್ನು ಕಲಿಯುತ್ತಾನೆ. ದಂಡನೆಯು ತಪ್ಪನ್ನು ಅಳಿಸುವುದಕ್ಕಿಂತ ಹೆಚ್ಚಾಗಿ ಅದನ್ನು ಅಡಗಿಸುವ ಜಾಣ್ಮೆಯನ್ನು ಬೆಳೆಸುತ್ತದೆ.

ಬಸವಣ್ಣನವರ ಬಾಲ್ಯವನ್ನು ನೆನೆಯೋಣ. ಅವರು ಹದಿನಾರರ ಪ್ರಾಯದಲ್ಲಿ ಜನಿವಾರವನ್ನು ತೊರೆದು ಕಪ್ಪಡಿಸಂಗಮಕ್ಕೆ ನಡೆದರೆಂದು ಹರಿಹರನ ರಗಳೆ ಹೇಳುತ್ತದೆ. ಎಂಟನೆಯ ವರ್ಷದಲ್ಲಿಯೇ ಉಪನಯನವನ್ನು ನಿರಾಕರಿಸಿದರೆಂದು ಪಾಲ್ಕುರಿಕೆ ಸೋಮನಾಥನ ಪುರಾಣ ಹೇಳುತ್ತದೆ. ವಯಸ್ಸಿನಲ್ಲಿ ಭೇದವಿದ್ದರೂ ಎಳೆಯ ಪ್ರಾಯದ ನಿರಾಕರಣೆಯನ್ನು ಎರಡೂ ಒಪ್ಪುತ್ತವೆ. ಅಂದಿನ ಅಗ್ರಹಾರದ ಕಣ್ಣಿಗೆ ಅವರು ಮಾತು ಕೇಳದ ಹುಡುಗನೇ ಸರಿ. ಎದುರು ನುಡಿವ ಪ್ರತಿಯೊಬ್ಬ ಬಾಲಕನೂ ಬಸವಣ್ಣನಾಗಲಾರನು, ನಿಜ. ಆದರೆ ಪ್ರತಿಯೊಂದು ನಿರಾಕರಣೆಯೂ ದುರ್ವೃತ್ತಿಯಲ್ಲವೆಂಬುದೂ ಅಷ್ಟೇ ನಿಜ. ಅದರ ಹಿಂದೆ ಅರಿವಿದೆಯೋ ಚಾಪಲ್ಯವಿದೆಯೋ ಎಂಬುದನ್ನು ಕೇಳಿ ತಿಳಿಯಬೇಕಲ್ಲದೆ ಗದರಿಸಿ ತಿಳಿಯಲಾಗದು.

ಚಾಪಲ್ಯವೆಂದೇ ಕಂಡುಬಂದಾಗಲೂ ಪ್ರಕೃತಿಯ ಪಾಲೆಷ್ಟೆಂಬುದನ್ನು ನೋಡಬೇಕು. ಮುಂದಾಲೋಚನೆಗೂ ಸಂಯಮಕ್ಕೂ ಆಧಾರವಾದ ಮಿದುಳಿನ ಮುಂಭಾಗವು ಇಪ್ಪತ್ತು ವರ್ಷ ಕಳೆದ ಮೇಲೂ ಬಲಿಯುತ್ತಲೇ ಇರುತ್ತದೆಂದು ಇಂದಿನ ವಿಜ್ಞಾನವು ಕಂಡುಕೊಂಡಿದೆ. ಉದ್ವೇಗವಾದರೋ ಅದಕ್ಕೆ ಮೊದಲೇ ಪ್ರಬಲವಾಗಿರುತ್ತದೆ. ಈ ಪ್ರಾಯದಲ್ಲಿ ನಿದ್ರೆಯೂ ರಾತ್ರಿ ತಡವಾಗಿ ಬರುವುದು ದೇಹಧರ್ಮ. ಎಂಟರಿಂದ ಹತ್ತು ಗಂಟೆಗಳ ನಿದ್ರೆ ಬೇಕಾದ ಮಗುವನ್ನು ಬೆಳಗಿನ ನಾಲ್ಕಕ್ಕೇ ಎಬ್ಬಿಸಿ, ಆಮೇಲೆ ‘ಸೋಮಾರಿ’ ಎಂದು ಜರೆಯುವುದು ನ್ಯಾಯವಲ್ಲ. ಮುಖದ ಮೊಡವೆ, ಒಡೆದ ದನಿ, ಮೊದಲ ಮುಟ್ಟು ಇವುಗಳ ಬಗೆಗೆ ಮನೆಯಲ್ಲಿ ಮೌನವಿದ್ದರೆ ಮಕ್ಕಳು ಆ ತಿಳಿವನ್ನು ಕೈಯೊಳಗಿನ ಮೊಬೈಲಿನಿಂದ ಪಡೆಯುತ್ತಾರೆ. ಅಲ್ಲಿ ದೊರೆವುದೆಲ್ಲ ತಿಳಿವಲ್ಲ. ತಾಯಿಯು ಮಗಳಿಗೆ, ತಂದೆಯು ಮಗನಿಗೆ ಮುಂಚಿತವಾಗಿ ಸಮಾಧಾನದಿಂದ ತಿಳಿಸಿದರೆ ನಾಚಿಕೆಯೂ ಅಂಜಿಕೆಯೂ ಕಳೆಯುತ್ತವೆ.

ಇನ್ನು ಪರೀಕ್ಷೆಯ ಮಾತು. ಹತ್ತನೆಯ ತರಗತಿಯ ಅಂಕಪಟ್ಟಿಯನ್ನು ಮನೆತನದ ಮರ್ಯಾದೆಯ ತಕ್ಕಡಿಯನ್ನಾಗಿ ಮಾಡಿಕೊಂಡವರು ಬಹಳ. ಅನುತ್ತೀರ್ಣನಾದವನಿಗೆ ಮರಳಿ ಬರೆಯುವ ಅವಕಾಶವಿದೆ. 2024ರಲ್ಲಿ ನಮ್ಮ ರಾಜ್ಯವು ಒಂದೇ ವರ್ಷದಲ್ಲಿ ಮೂರು ಬಾರಿ ಪರೀಕ್ಷೆಯನ್ನು ನಡೆಸಿತು. ಸರಕಾರವೇ ಇಷ್ಟು ಸೈರಣೆಯನ್ನು ತೋರಿರಲು ಹೆತ್ತವರು ತೋರಬಾರದೆ? ಕಾಯಕದಲ್ಲಿ ಮೇಲು ಕೀಳಿಲ್ಲವೆಂದು ಸಭೆಯಲ್ಲಿ ಒಪ್ಪಿ, ಮನೆಗೆ ಬಂದು ‘ವೈದ್ಯನಾಗದಿದ್ದರೆ ನಿನ್ನ ಬಾಳು ವ್ಯರ್ಥ’ ಎಂದು ಮಗನಿಗೆ ನುಡಿದರೆ, ಮಗನು ನಂಬುವುದು ಯಾವ ಮಾತನ್ನು?

ಹಾಗೆಂದು ಲಗಾಮನ್ನೇ ಬಿಟ್ಟುಬಿಡಬೇಕೆಂದಲ್ಲ. ಎಲ್ಲೆಯಿಲ್ಲದ ಮುದ್ದು ಪ್ರೀತಿಯಲ್ಲ, ಅದು ಹೊಣೆಗೇಡಿತನ. ರಾತ್ರಿ ಮನೆ ಸೇರುವ ಹೊತ್ತು, ಮೊಬೈಲನ್ನು ಕೆಳಗಿಡುವ ಹೊತ್ತು, ವಾಹನ ನಡೆಸಲು ತಕ್ಕ ವಯಸ್ಸು ಇವುಗಳಲ್ಲಿ ನಿಯಮವಿರಲಿ. ನಿಯಮಗಳು ಕೆಲವೇ ಇರಲಿ, ಕಾರಣಸಹಿತವಾಗಿರಲಿ, ಹಿರಿಯರಿಗೂ ಅನ್ವಯಿಸಲಿ. ಊಟದ ಹೊತ್ತಿನಲ್ಲಿ ತಾನು ಮೊಬೈಲನ್ನು ನೋಡುತ್ತ ಮಗಳಿಗೆ ಬೇಡವೆನ್ನುವ ತಂದೆಯ ನುಡಿಗೆ ನಡೆಯ ಬಲವಿಲ್ಲ. ತಪ್ಪಿದಾಗ ತಪ್ಪನ್ನು ಖಂಡಿಸಬೇಕು, ಮಗುವನ್ನಲ್ಲ. ಅದರಲ್ಲಿಯೂ ನೆಂಟರಿಷ್ಟರ ಎದುರಿನಲ್ಲಿ, ನೆರೆಮನೆಯ ಮಗುವಿಗೆ ಹೋಲಿಸಿ ಹೀಯಾಳಿಸುವುದು ಸಲ್ಲದು.

ಒಂದು ಎಚ್ಚರಿಕೆ. ಎರಡು ವಾರಕ್ಕೂ ಮೀರಿ ಮಗು ಮಂಕಾಗಿದ್ದರೆ, ಊಟ ನಿದ್ರೆಗಳು ಕೆಟ್ಟಿದ್ದರೆ, ಗೆಳೆಯರನ್ನು ತೊರೆದಿದ್ದರೆ ವೈದ್ಯರಲ್ಲಿಗೆ ಕರೆದೊಯ್ಯಬೇಕು. ‘ಬದುಕಿ ಫಲವೇನು’ ಎಂಬಂಥ ಮಾತು ಬಂದರಂತೂ ಒಂದು ದಿನವೂ ತಡೆಯದೆ, ಒಂಟಿಯಾಗಿ ಬಿಡದೆ, ನೆರವನ್ನು ಪಡೆಯಬೇಕು. 2022ರಲ್ಲಿ ಆರಂಭವಾದ ಟೆಲಿ ಮಾನಸ್ ಎಂಬ ಸರಕಾರಿ ಸೇವೆಯು 14416 ಎಂಬ ಸಂಖ್ಯೆಯಲ್ಲಿ ಹಗಲಿರುಳೂ ಉಚಿತವಾಗಿ ದೊರೆಯುತ್ತದೆ. ಮನಸ್ಸಿನ ಬೇನೆಯೂ ಬೇನೆಯೇ. ಮೈಗೆ ಜ್ವರ ಬಂದರೆ ಮುಚ್ಚಿಡದ ನಾವು ಇದನ್ನೇಕೆ ಮುಚ್ಚಿಡಬೇಕು?

ಮಗುವು ತಪ್ಪು ಮಾಡಿದ ದಿನ ಮೊದಲು ಯಾರ ಬಳಿಗೆ ಓಡಿ ಬರುತ್ತದೆಂಬುದರಿಂದಲೇ ಹೆತ್ತವರ ಸಾಧನೆಯನ್ನು ಅಳೆಯಬಹುದು. ಹೆದರಿ ಹೊರಗಿನವರ ಬಳಿಗೆ ಹೋದರೆ ನಮ್ಮ ಕಟ್ಟುನಿಟ್ಟು ಸೋತಂತೆ. ತಲೆತಗ್ಗಿಸಿಯಾದರೂ ಅಪ್ಪ ಅವ್ವನ ಬಳಿಗೆ ಬಂದು ನಿಜವನ್ನು ನುಡಿದರೆ, ಆ ಮಗುವಿನಲ್ಲಿ ಸದಾಚಾರವು ಬೇರೂರಿದೆಯೆಂದು ತಿಳಿಯಬೇಕು. ಅಂದು ಆ ಮಾತನ್ನು ಕೊನೆಯವರೆಗೆ ಕೇಳುವ ತಾಳ್ಮೆಯನ್ನು ಇಂದೇ ರೂಢಿಸಿಕೊಳ್ಳುವುದು ಗೃಹಸ್ಥರ ಧರ್ಮ.