ಜೇನುಗೂಡಿನ ಮುದಿ ತಾಯಿ

ತಾಯಿಯನ್ನು ಸರಿಸಿ ಮಗಳನ್ನು ಅವಳ ಸ್ಥಾನದಲ್ಲಿ ನಿಲ್ಲಿಸುವದು ಕೃತಘ್ನತೆಯೋ? ಜೇನುಗೂಡನ್ನು ನೋಡಿ ಇದನ್ನು ಆಲೋಚಿಸೋಣ.

ರಾಣಿನೊಣವು ಮುದಿಯಾದಾಗ ಅದು ಇಡುವ ಮೊಟ್ಟೆಗಳೂ, ಗೂಡನ್ನು ಒಂದಾಗಿ ಹಿಡಿಯುವ ಅದರ ಮೈವಾಸನೆಯೂ ಕಡಿಮೆಯಾಗುತ್ತವೆ. ಆಗ ಕೆಲಸದ ನೊಣಗಳು ಕೆಲವೇ ದೊಡ್ಡ ಕೋಣೆಗಳನ್ನು ಕಟ್ಟಿ, ಅವುಗಳಲ್ಲಿರುವ ಮರಿಹುಳಗಳಿಗೆ ತಮ್ಮ ತಲೆಯ ಗ್ರಂಥಿಗಳಿಂದ ಒಸರುವ ಬಿಳೀ ರಸವನ್ನು ಕೊನೆವರೆಗೂ ಧಾರಾಳವಾಗಿ ಉಣಿಸುತ್ತವೆ. ಬೇರೆ ಕೋಣೆಯಲ್ಲಿದ್ದರೆ ಕೆಲಸದ ನೊಣವಾಗತಕ್ಕ ಮರಿಯೇ ಈ ಪೋಷಣೆಯಿಂದ, ಮೊಟ್ಟೆಯಿಟ್ಟ ಸುಮಾರು 16 ದಿನಗಳಲ್ಲಿ, ರಾಣಿಯಾಗಿ ಹೊರಬರುತ್ತದೆ. ಕೆಲವು ಗೂಡುಗಳಲ್ಲಿ ತಾಯಿಯೂ ಮಗಳೂ ಸ್ವಲ್ಪಕಾಲ ಒಟ್ಟಿಗೆ ಇರುವದುಂಟು. ಆ ಮೇಲೆ ಮುದಿಯದು ಕಾಣದೆ ಹೋಗುತ್ತದೆ.

ಇದಕ್ಕಾಗಿ ನೊಣಗಳನ್ನು ದೂರಲಾಗದು. ಯಾಕಂದರೆ ಮೊಟ್ಟೆಯಿಡುವ ರಾಣಿಯಿಲ್ಲದೆ ಗೂಡೇ ಅಳಿಯುವದು. ಆದರೆ ನೊಣಕ್ಕೆ ಉಪಕಾರದ ನೆನಪಿಲ್ಲ, ಮನುಷ್ಯನಿಗೆ ಉಂಟು. ಮುಪ್ಪಿನ ತಂದೆಯ ಕೈಯಿಂದ ನೇಗಿಲನ್ನು ತೆಗೆದುಕೊಳ್ಳುವ ಮಗನು ತಪ್ಪುಮಾಡುವದಿಲ್ಲ. ತಂದೆಯ ಊಟದ ಎಲೆಯನ್ನು ಮೂಲೆಗೆ ಸರಿಸುವವನು ತಪ್ಪುಮಾಡುತ್ತಾನೆ. ಕೈ ನಡುಗಿದರೂ ನೇಗಿಲನ್ನು ಬಿಡದ ತಂದೆಯೂ ಮನೆಗೆ ಹಿತಮಾಡುವವನಲ್ಲ.

ಆದಕಾರಣ ಕೆಲಸವನ್ನು ತಕ್ಕ ಕಾಲದಲ್ಲಿ ಕಿರಿಯರಿಗೆ ಒಪ್ಪಿಸೋಣ. ಒಪ್ಪಿಸಿದವರನ್ನು ಕಡೇ ವರೆಗೂ ಸನ್ಮಾನಿಸೋಣ.