ಪಾರಣೆಯಿಲ್ಲದ ಉಪವಾಸ

"ದೊಡ್ಡಮ್ಮಾ, ಈ ಭಾನುವಾರ ಏಕಾದಶಿ. ಉಪವಾಸ ಇದ್ದುಕೊಂಡೇ ಇಪ್ಪತ್ತು ಕಿಲೋಮೀಟರ್ ಓಡಿಬಿಟ್ಟರೆ ಎರಡೂ ಒಟ್ಟಿಗೆ ಆಗುತ್ತಲ್ವಾ?" ಎಂದು ನನ್ನ ತಂಗಿಯ ಮಗಳು ಕೇಳಿದಳು. ವ್ರತವೂ ಆಯಿತು, ತೂಕವೂ ಇಳಿಯಿತು ಎಂಬುದು ಅವಳ ಲೆಕ್ಕ. ದೇವರ ಮೇಲೆ ಅವಳಿಗೆ ನಿಜವಾದ ಭಕ್ತಿಯಿದೆ, ಓಟದ ಮೇಲೂ ಅಷ್ಟೇ ಪ್ರೀತಿಯಿದೆ. ಹಾಗಾಗಿ ಈ ಪ್ರಶ್ನೆಗೆ ಹೌದು, ಇಲ್ಲ ಎಂದಷ್ಟೇ ಹೇಳಿ ಕೈತೊಳೆದುಕೊಳ್ಳಲು ನನಗೆ ಮನಸ್ಸಾಗಲಿಲ್ಲ. ಅದರ ಒಳಗೆ ಇನ್ನೊಂದು ಪ್ರಶ್ನೆ ಇದೆ: ಹಸಿವು ತನ್ನಷ್ಟಕ್ಕೆ ತಾನೇ ಪುಣ್ಯವೇ?

ನಾನು ಮೈಸೂರಿನ ಕಾಲೇಜೊಂದರಲ್ಲಿ ಸಂಸ್ಕೃತ ಪಾಠ ಹೇಳುವವಳು. ಬೆಳಗಿನ ಹೊತ್ತು ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ಓಡುತ್ತೇನೆ. ಮಂಡಿಯ ಮೇಲಿನ ಭಾರ ಕಡಿಮೆಯಾಗಬೇಕು ಎಂದು ವೈದ್ಯರು ಹೇಳಿದ್ದರಿಂದ ತೂಕ ಇಳಿಸುವ ಕೆಲಸವೂ ನಡೆದಿದೆ. ಹೆಚ್ಚು ಓಡಬೇಕು, ಕಡಿಮೆ ತೂಗಬೇಕು ಎಂಬ ಎರಡು ಆಸೆಗಳ ನಡುವೆ ತಟ್ಟೆಗೆ ಎಷ್ಟು ಬಡಿಸಿಕೊಳ್ಳಬೇಕು ಎಂಬುದು ನನಗೂ ದಿನನಿತ್ಯದ ಪ್ರಶ್ನೆಯೇ.

ಮೊದಲು ಏಕಾದಶಿಯ ವಿಷಯ. ನಂಜನಗೂಡಿನಲ್ಲಿದ್ದ ನಮ್ಮ ಅಜ್ಜಿಯ ಮನೆಯಲ್ಲಿ ಅದು ಒಂದು ದಿನದ ಆಚರಣೆ ಆಗಿರಲಿಲ್ಲ. ದಶಮಿಯಂದು ಒಂದೇ ಹೊತ್ತು ಊಟ. ಏಕಾದಶಿಯಂದು ಒಲೆ ಹಚ್ಚುವುದಿಲ್ಲ, ಅಜ್ಜಿಗೆ ನೀರೂ ಇಲ್ಲ. ಆದರೆ ಆ ದಿನ ಬೀಸುವ ಕುಟ್ಟುವ ಕೆಲಸವೂ ಇರಲಿಲ್ಲ. ಮಧ್ಯಾಹ್ನ ಮಠದಲ್ಲಿ ಪುರಾಣ ಶ್ರವಣ, ಸಂಜೆ ಭಜನೆ. ದ್ವಾದಶಿಯ ದಿನ ಪಂಚಾಂಗದಲ್ಲಿ ಪಾರಣೆಯ, ಅಂದರೆ ಉಪವಾಸ ಮುಗಿಸಿ ಉಣ್ಣುವ ಹೊತ್ತು ನೋಡಿಕೊಂಡು, ಬೆಳಕು ಹರಿಯುವುದಕ್ಕೆ ಮುಂಚೆಯೇ ಸ್ನಾನ ಮುಗಿಸಿ ಅಡುಗೆಗೆ ನಿಲ್ಲುತ್ತಿದ್ದರು. ಬಿಸಿ ಅನ್ನ, ತೊವ್ವೆ, ತುಪ್ಪ. "ಪಾರಣೆ ತಪ್ಪಿದರೆ ಏಕಾದಶಿ ಮಾಡಿದ ಹಾಗೇ ಅಲ್ಲ ಕಣೇ" ಎನ್ನುತ್ತಿದ್ದರು. ಚಿಕ್ಕ ಮಕ್ಕಳು, ಕಾಯಿಲೆಯವರು, ಹಣ್ಣು ಹಣ್ಣು ಮುದುಕರು ಉಪವಾಸ ಇರಬೇಕಾಗಿರಲಿಲ್ಲ. ಅವರು ತಿಂದರೆ ಯಾರೂ ಹುಬ್ಬು ಗಂಟಿಕ್ಕುತ್ತಿರಲಿಲ್ಲ.

ಭಾಗವತದ ಅಂಬರೀಷ ರಾಜನ ಕಥೆ ನಿಂತಿರುವುದೇ ಈ ಪಾರಣೆಯ ಮೇಲೆ. ದ್ವಾದಶಿ ಮುಗಿಯುತ್ತ ಬಂದಿದೆ, ಅತಿಥಿಯಾಗಿ ಬಂದ ದೂರ್ವಾಸರು ಸ್ನಾನಕ್ಕೆಂದು ನದಿಗೆ ಹೋದವರು ಮರಳಿಲ್ಲ. ಅತಿಥಿಗಿಂತ ಮೊದಲು ಉಣ್ಣುವುದು ತಪ್ಪು, ದ್ವಾದಶಿಯೊಳಗೆ ಪಾರಣೆ ಮಾಡದಿರುವುದೂ ತಪ್ಪು. ರಾಜ ನೀರು ಕುಡಿದು ವ್ರತ ಉಳಿಸಿಕೊಳ್ಳುತ್ತಾನೆ. ಋಷಿಗೆ ಕೋಪ ಬರುತ್ತದೆ, ವಿಷ್ಣುವಿನ ಚಕ್ರ ರಾಜನ ಪರ ನಿಲ್ಲುತ್ತದೆ. ಉಪವಾಸವನ್ನು ಸರಿಯಾದ ಹೊತ್ತಿಗೆ ಮುಗಿಸುವುದಕ್ಕೆ ಪರಂಪರೆ ಇಷ್ಟು ದೊಡ್ಡ ಬೆಲೆ ಕಟ್ಟಿದೆ. ನಮ್ಮ ಹುಡುಗಿಯ ಯೋಜನೆಯಲ್ಲಿ ಉಪವಾಸವಿದೆ. ವಿಶ್ರಾಂತಿಯೂ ಇಲ್ಲ, ಪಾರಣೆಯೂ ಇಲ್ಲ. ಸೋಮವಾರ ಬೆಳಿಗ್ಗೆ ಅವಳು ತಿನ್ನುವುದು ಒಂದು ಬಟ್ಟಲು ಓಟ್ಸ್, ಅದೂ ಅರ್ಧ.

ಇನ್ನು ಓಟದ ಲೆಕ್ಕ. ಒಂದು ಕಿಲೋಮೀಟರ್ ಓಡಿದರೆ ದೇಹದ ಪ್ರತಿ ಕಿಲೋ ತೂಕಕ್ಕೆ ಸುಮಾರು 1 ಕಿಲೋಕ್ಯಾಲರಿ ಖರ್ಚಾಗುತ್ತದೆ. 60 ಕಿಲೋ ತೂಗುವವಳು 10 ಕಿಲೋಮೀಟರ್ ಓಡಿದರೆ 600. ಅವಳ ಮೈಯಲ್ಲಿ ಕೊಬ್ಬು ಬಿಟ್ಟು ಉಳಿದದ್ದು 44 ಕಿಲೋ ಎಂದುಕೊಳ್ಳೋಣ. ಓಟದ ಖರ್ಚು ಕಳೆದ ಮೇಲೆ ಈ 44 ಕಿಲೋದ ಪ್ರತಿ ಕಿಲೋಗೂ ದಿನಕ್ಕೆ ಸುಮಾರು 45 ಕಿಲೋಕ್ಯಾಲರಿ ಉಳಿದರೆ ದೇಹದ ಎಲ್ಲ ಕೆಲಸಗಳೂ ಸರಾಗವಾಗಿ ನಡೆಯುತ್ತವೆ. ಅದು 30ಕ್ಕಿಂತ ಕೆಳಗಿಳಿದು ಹಾಗೇ ಮುಂದುವರಿದರೆ ತೊಂದರೆಗಳು ಶುರುವಾಗುತ್ತವೆ ಎಂದು ಕ್ರೀಡಾವೈದ್ಯರು ಹೇಳುತ್ತಾರೆ. ದಿನಕ್ಕೆ 1,500 ಕಿಲೋಕ್ಯಾಲರಿ ತಿಂದು 600 ಓಟಕ್ಕೆ ಕೊಟ್ಟರೆ ಮಿಕ್ಕದ್ದು 900. ಹಂಚಿ ನೋಡಿದರೆ ಕಿಲೋಗೆ 20ರ ಆಸುಪಾಸು. ಹೃದಯ, ಮೆದುಳು, ಮೂಳೆ, ಗರ್ಭಕೋಶ, ಗಾಯ ಮಾಯುವ ಕೆಲಸ ಎಲ್ಲವೂ ಅಷ್ಟರಲ್ಲೇ ನಡೆಯಬೇಕು.

ನಡೆಯುವುದಿಲ್ಲ. ಯಾವುದನ್ನು ಮುಂದೂಡಬಹುದೋ ಅದನ್ನು ದೇಹ ಮುಂದೂಡುತ್ತದೆ. ಮೆದುಳು ಅಂಡಾಶಯಕ್ಕೆ ಕಳಿಸುವ ಸಂಕೇತ ಕುಗ್ಗಿ ಮುಟ್ಟು ನಿಲ್ಲುತ್ತದೆ. ಈಸ್ಟ್ರೋಜನ್ ಇಳಿದು ಮೂಳೆ ಬಡವಾಗುತ್ತದೆ. ಥೈರಾಯ್ಡ್ ನಿಧಾನವಾಗಿ, ಇಳಿಯಬೇಕಾದ ತೂಕ ಇದ್ದಲ್ಲೇ ನಿಲ್ಲಬಹುದು. ಅಂತಾರಾಷ್ಟ್ರೀಯ ಒಲಿಂಪಿಕ್ ಸಮಿತಿ 2014ರಲ್ಲಿ ಈ ಸ್ಥಿತಿಗೆ ಹೆಸರಿಟ್ಟು, ಇದು ಗಂಡಸರಿಗೂ ಬರುತ್ತದೆ ಎಂದು ಹೇಳಿತು. ನಮ್ಮ ಮನೆಯಲ್ಲಿ ಅದು ಬಂದದ್ದು ಹುಡುಗಿಗೆ. ಕಳೆದ ವರ್ಷ ಅವಳ ಮೊಣಕಾಲ ಕೆಳಗಿನ ಮೂಳೆಯಲ್ಲಿ ಕೂದಲೆಳೆಯಂಥ ಬಿರುಕು ಕಂಡಿತು. ತಿಂಗಳುಗಟ್ಟಲೆ ಮುಟ್ಟು ಬಂದಿರಲಿಲ್ಲ ಎಂಬುದು ಆಗ ಹೊರಬಿತ್ತು. ಆ ತಿಂಗಳುಗಳಲ್ಲೆಲ್ಲ ಮದುವೆ ಮುಂಜಿಗಳಲ್ಲಿ ಕಂಡವರು "ಎಷ್ಟು ಚೆನ್ನಾಗಿ ಸಣ್ಣಗಾಗಿದ್ದೀಯ" ಎಂದು ಅವಳನ್ನು ಹೊಗಳುತ್ತಿದ್ದರು.

ಉಪವಾಸದ ಉದ್ದೇಶವೇನು? ನಾಲಿಗೆಯ ಹಿಡಿತದಿಂದ ಮನಸ್ಸನ್ನು ಬಿಡಿಸಿ ದೇವರ ಕಡೆಗೆ ತಿರುಗಿಸುವುದು. ಒಂದು ದಿನದ ಹಸಿವು, ವಿಶ್ರಾಂತಿ ಮತ್ತು ಭಜನೆಯ ನಡುವೆ, ಈ ಕೆಲಸ ಮಾಡಬಲ್ಲದು. ಅದನ್ನು ಅಜ್ಜಿಯಲ್ಲಿ ನೋಡಿದ್ದೇನೆ. ಎಲ್ಲೆ ಮೀರಿದ ಹಸಿವು ಇದಕ್ಕೆ ತದ್ವಿರುದ್ಧವಾದುದನ್ನು ಮಾಡುತ್ತದೆ. ಎರಡನೆಯ ಮಹಾಯುದ್ಧದ ಕೊನೆಗೆ, 1944-45ರಲ್ಲಿ, ಅಮೆರಿಕದ ಮಿನಸೋಟ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ ಎಂಬ ವಿಜ್ಞಾನಿ 36 ಮಂದಿ ಯುವಕರ ಮೇಲೆ ಒಂದು ಪ್ರಯೋಗ ನಡೆಸಿದ. ಯುರೋಪಿನಲ್ಲಿ ಹಸಿದ ಜನರಿಗೆ ಮತ್ತೆ ಹೇಗೆ ಉಣಿಸಬೇಕು ಎಂದು ತಿಳಿಯುವುದು ಅದರ ಗುರಿ. ಆ ಯುವಕರು ಕೊಲ್ಲಲಾರೆವೆಂದು ಯುದ್ಧಕ್ಕೆ ಹೋಗಲು ಒಪ್ಪದವರು. ಹಲವರು ಕ್ವೇಕರ್, ಮೆನೊನೈಟ್, ಬ್ರೆದ್ರೆನ್‌ಗಳಂಥ ಶಾಂತಿವಾದಿ ಕ್ರೈಸ್ತ ಪಂಥಗಳಿಂದ ಬಂದವರು. ಪರರಿಗಾಗಿ ತಾವಾಗಿಯೇ ಹಸಿವನ್ನು ಒಪ್ಪಿಕೊಂಡವರು. 24 ವಾರ ಅವರಿಗೆ ಅರೆಹೊಟ್ಟೆ ಊಟ, ಜೊತೆಗೆ ವಾರಕ್ಕೆ 22 ಮೈಲಿ, ಅಂದರೆ ಸುಮಾರು 35 ಕಿಲೋಮೀಟರ್ ನಡಿಗೆ. ಅಷ್ಟು ಧರ್ಮನಿಷ್ಠರ ಮನಸ್ಸೂ ಕೊನೆಗೆ ಊಟದಲ್ಲೇ ಸಿಕ್ಕಿಹಾಕಿಕೊಂಡಿತು. ಅಡುಗೆ ಪುಸ್ತಕಗಳನ್ನು ಗುಡ್ಡೆಹಾಕಿಕೊಂಡು ಓದಿದರು, ತಟ್ಟೆ ನೆಕ್ಕಿದರು, ಸ್ನೇಹದಲ್ಲೂ ಲೋಕದ ಸುದ್ದಿಯಲ್ಲೂ ಆಸಕ್ತಿ ಕಳೆದುಕೊಂಡರು. ತಂಗಿಯ ಮಗಳು ರಾತ್ರಿ ಹಾಸಿಗೆಯಲ್ಲಿ ಮಲಗಿ ಫೋನಿನಲ್ಲಿ ಹೋಳಿಗೆ ಮಾಡುವ ವಿಡಿಯೋ ನೋಡುತ್ತಿರುತ್ತಾಳೆ ಎಂದು ತಂಗಿ ಹೇಳಿದಾಗ ನನಗೆ ನೆನಪಾದದ್ದು ಈ ಯುವಕರು.

ಛಾಂದೋಗ್ಯ ಉಪನಿಷತ್ತಿನಲ್ಲಿ ಉದ್ದಾಲಕ ಮಗ ಶ್ವೇತಕೇತುವಿಗೆ ಹದಿನೈದು ದಿನ ಊಟ ಬಿಡಿಸುತ್ತಾನೆ. ನೀರು ಮಾತ್ರ ಬೇಕಾದಷ್ಟು ಕುಡಿ ಎನ್ನುತ್ತಾನೆ. ಆಮೇಲೆ ವೇದ ಹೇಳು ಎಂದರೆ ಹನ್ನೆರಡು ವರ್ಷ ಕಲಿತು ಬಂದ ಹುಡುಗನಿಗೆ ಒಂದೂ ನೆನಪಾಗುವುದಿಲ್ಲ. ದೊಡ್ಡ ಬೆಂಕಿ ಆರಿ ಮಿಣುಕುಹುಳುವಿನಷ್ಟು ಕೆಂಡ ಉಳಿದರೆ ಅದು ಏನನ್ನು ಸುಟ್ಟೀತು, ಹುಲ್ಲು ಹಾಕಿದರೆ ಮತ್ತೆ ಉರಿಯುತ್ತದೆ ಎಂದು ತಂದೆ ತಿಳಿಸುತ್ತಾನೆ. ಮಗ ಉಂಡು ಬರುತ್ತಾನೆ, ವೇದವೆಲ್ಲ ಮರಳುತ್ತದೆ. ಪ್ರತಿ ವರ್ಷ ಈ ಭಾಗವನ್ನು ಪಾಠ ಮಾಡುವಾಗಲೂ ನನಗೆ ಉದ್ದಾಲಕನ ಧೈರ್ಯ ದೊಡ್ಡದೆನಿಸುತ್ತದೆ. ಮನಸ್ಸು ಅನ್ನದಿಂದ ಆದದ್ದು ಎಂದು ಹೇಳಲು ಅವನಿಗೆ ಸ್ವಲ್ಪವೂ ಸಂಕೋಚವಿಲ್ಲ. ಅನ್ನವನ್ನು ಕೀಳಾಗಿ ಕಂಡವನು ಮನಸ್ಸನ್ನೂ ಕೀಳಾಗಿ ಕಂಡ ಹಾಗೆ.

ಇದಕ್ಕೆ ಎದುರು ಮಾತು ಇದೆ, ಅದನ್ನು ನಾನು ಹಗುರವಾಗಿ ಕಾಣಲಾರೆ. ಎಲೆ ತಿನ್ನುವುದನ್ನೂ ಬಿಟ್ಟು ಅಪರ್ಣೆ ಎನಿಸಿಕೊಂಡ ಪಾರ್ವತಿಯನ್ನು ನಾವು ಪೂಜಿಸುತ್ತೇವೆ. ಶ್ರವಣಬೆಳಗೊಳದ ಚಿಕ್ಕಬೆಟ್ಟದ ಬಂಡೆಗಳ ಮೇಲೆ, ಆಹಾರ ತ್ಯಜಿಸಿ ದೇಹ ಬಿಟ್ಟವರ ನೆನಪಿನ ಶಾಸನಗಳು ಸಾಲುಸಾಲಾಗಿವೆ. ಅವರ ಮುಂದೆ ನಿಂತಾಗ ನನ್ನ ತಲೆ ತಾನಾಗಿ ಬಾಗುತ್ತದೆ. ಆದರೆ ಸಲ್ಲೇಖನ ಎಂಬ ಈ ಜೈನ ವ್ರತ ಕೈಗೊಂಡವರು ದೇಹದಿಂದ ಆಗಬೇಕಾದ ಕೆಲಸವೆಲ್ಲ ಮುಗಿಯಿತು ಎಂದು ತಿಳಿದು, ಗುರುವಿನ ಅನುಮತಿ ಪಡೆದು, ಹೊರಡಲು ಸಿದ್ಧರಾದವರು. ನಮ್ಮ ಹುಡುಗಿಗೆ ನಾಡಿದ್ದು ಆಫೀಸಿದೆ, ಮುಂದಿನ ತಿಂಗಳು ಹಾಫ್ ಮ್ಯಾರಥಾನ್ ಇದೆ, ಮೂಳೆ ಇನ್ನೂ ಐವತ್ತು ವರ್ಷ ಬಾಳಬೇಕು. ಅದೇ ಜೈನ ಪರಂಪರೆ ಹೊರಗಿನ ತಪಸ್ಸುಗಳನ್ನು ಎಣಿಸುವಾಗ ಊಟ ಬಿಡುವುದನ್ನು ಒಂದಾಗಿ, ಹೊಟ್ಟೆ ತುಂಬುವುದಕ್ಕೆ ತುಸು ಮೊದಲೇ ಏಳುವುದನ್ನು ಇನ್ನೊಂದಾಗಿ ಬೇರೆ ಬೇರೆ ಇಟ್ಟಿದೆ. ಎರಡನೆಯದೂ ಪೂರ್ಣ ತಪಸ್ಸೇ. ಕಾಳಿದಾಸ ಕೂಡ ಕುಮಾರಸಂಭವದಲ್ಲಿ ವಟುವಿನ ವೇಷದ ಶಿವನಿಂದ ಪಾರ್ವತಿಗೆ, ಮೈಯ ಶಕ್ತಿಗೆ ತಕ್ಕಷ್ಟೇ ತಪಸ್ಸು ಮಾಡುತ್ತಿದ್ದೀಯ ತಾನೇ ಎಂದು ಕೇಳಿಸಿದ್ದಾನೆ.

ಗೀತೆ ಎರಡು ಕಡೆ ಈ ವಿಷಯಕ್ಕೆ ಬರುತ್ತದೆ. ಆರನೆಯ ಅಧ್ಯಾಯದಲ್ಲಿ, ಅತಿಯಾಗಿ ತಿನ್ನುವವನಿಗೂ ಏನೂ ತಿನ್ನದವನಿಗೂ ಯೋಗ ಒಲಿಯದು ಎಂಬ ಮಾತಿದೆ. ಇದು ಎಲ್ಲರಿಗೂ ಗೊತ್ತು. ಹದಿನೇಳನೆಯ ಅಧ್ಯಾಯದ ಮಾತು ಅಷ್ಟು ಬಳಕೆಯಲ್ಲಿಲ್ಲ, ಆದರೆ ಹೆಚ್ಚು ಖಾರವಾಗಿದೆ. ಅಹಂಕಾರ ಮತ್ತು ಬಯಕೆಯ ಬಲದಿಂದ ದೇಹವನ್ನು ಹಿಂಸಿಸುವ ಘೋರ ತಪಸ್ಸು ಮಾಡುವವರು ಒಳಗಿರುವ ತನ್ನನ್ನೂ ಹಿಂಸಿಸುತ್ತಾರೆ ಎನ್ನುತ್ತಾನೆ ಕೃಷ್ಣ, ಅಂಥವರ ನಿಶ್ಚಯವನ್ನು ಆಸುರಿ ಎಂದು ಕರೆಯುತ್ತಾನೆ. ನಾಲ್ಕು ಕಿಲೋ ಇಳಿಸಿಕೊಳ್ಳುವ ಬಯಕೆಗೆ ದೇವರ ಹೆಸರು ಹಚ್ಚಿದರೆ ಅದು ತಪಸ್ಸಾಗುವುದಿಲ್ಲ.

ಹಾಗಾದರೆ ತೂಕ ಇಳಿಸಬಾರದೇ? ಖಂಡಿತ ಇಳಿಸಬಹುದು, ಮಂಡಿಗೂ ಸಕ್ಕರೆ ಕಾಯಿಲೆಗೂ ಅದರಿಂದ ಉಪಕಾರವಿದೆ. ದಿನಕ್ಕೆ 300ರಿಂದ 500 ಕಿಲೋಕ್ಯಾಲರಿ ಕೊರತೆ ಸಾಕು, ಅದನ್ನೂ ಓಡದ ದಿನ ಅಥವಾ ಸ್ವಲ್ಪ ಓಡುವ ದಿನಕ್ಕೆ ಹಾಕಬೇಕು. ನಾನು ಅಂಥ ದಿನ ರಾತ್ರಿ ಅನ್ನದ ಎರಡನೆಯ ಸುತ್ತು ಬಿಡುತ್ತೇನೆ. ಹೆಸರುಕಾಳಿನ ಉಸಲಿ, ಸೊಪ್ಪಿನ ಹುಳಿ, ಮಜ್ಜಿಗೆ ಬಿಡುವುದಿಲ್ಲ. ಸಂಜೆಯ ಬಿಸ್ಕತ್ತು, ಚಕ್ಕುಲಿ, ಎರಡನೆಯ ಕಾಫಿಯ ಸಕ್ಕರೆ ಹೋದವು. ದೂರದ ಓಟದ ದಿನ ಕೊರತೆಯ ಮಾತೇ ಇಲ್ಲ. ಹಿಂದಿನ ರಾತ್ರಿ ಹೊಟ್ಟೆ ತುಂಬ ಅನ್ನ, ಬೆಳಿಗ್ಗೆ ಐದಕ್ಕೆ ಎರಡು ಬಾಳೆಹಣ್ಣು, ಒಂದು ಲೋಟ ರಾಗಿ ಗಂಜಿ. ಒಂದೂವರೆ ಗಂಟೆ ಮೀರುವ ಓಟದಲ್ಲಿ ಗಂಟೆಗೆ 30ರಿಂದ 60 ಗ್ರಾಂ ಶರ್ಕರಪಿಷ್ಟ ಬೇಕು. ನಾನು ಸೊಂಟದ ಚೀಲದಲ್ಲಿ ಖರ್ಜೂರ ಇಟ್ಟುಕೊಂಡು, ಉಪ್ಪು ಬೆಲ್ಲ ನಿಂಬೆರಸದ ಪಾನಕ ಕುಡಿಯುತ್ತೇನೆ. ಮನೆಗೆ ಬಂದ ಮೇಲೆ ಸ್ನಾನಕ್ಕೂ ಮೊದಲು ಇಡ್ಲಿ, ಗಟ್ಟಿ ಸಾಂಬಾರು, ಒಂದು ಬಟ್ಟಲು ಮೊಸರು. ತೂಕ ನಿಧಾನವಾಗಿ ಇಳಿಯುತ್ತಿದೆ, ಓಟ ಬಲವಾಗುತ್ತಿದೆ.

ಉಂಡೇ ದುಡಿಯಬೇಕು ಎಂಬುದನ್ನು ಮೈಮುರಿದು ದುಡಿಯುವವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ನಮ್ಮ ಕಡೆ ಗದ್ದೆಗಿಳಿಯುವವರು ಮುದ್ದೆ ನುಂಗಿಯೇ ಇಳಿಯುತ್ತಾರೆ. ಕನಕದಾಸರು ರಾಮಧಾನ್ಯಚರಿತೆಯಲ್ಲಿ ಬಡವರ ರಾಗಿಗೆ ರಾಮನ ಸಭೆಯಲ್ಲೇ ಗೆಲುವು ಕೊಡಿಸಿದರು. ಶರಣರು ಹಸಿದವರ ಹಸಿವು ತಣಿಸುವುದನ್ನು ದಾಸೋಹ ಎಂದರು. ದೂರ ಓಡುವ ಮೈ ದುಡಿಯುತ್ತಿರುವ ಮೈ. ಪರರ ಹೊಟ್ಟೆಗೆ ಸಲ್ಲುವ ಈ ದಯೆ ತನ್ನ ಹೊಟ್ಟೆಗೆ ಸಲ್ಲಬಾರದು ಎಂದು ಹೆಣ್ಣುಮಕ್ಕಳಿಗೆ ಕಲಿಸಿದವರು ನಾವೇ: ಎಲ್ಲರಿಗೂ ಬಡಿಸಿ, ಉಳಿದದ್ದನ್ನು ಉಣ್ಣುವವಳನ್ನು ಒಳ್ಳೆಯವಳು ಎನ್ನುತ್ತ ಬಂದಿದ್ದೇವೆ. ಕಡಿಮೆ ತಿಂದದ್ದಕ್ಕೆ ಹೊಗಳುವುದನ್ನು ಮೊದಲು ನಿಲ್ಲಿಸೋಣ.

ತಂಗಿಯ ಮಗಳಿಗೆ ನಾನು ಕೊಟ್ಟ ಉತ್ತರ ಇಷ್ಟು. ಏಕಾದಶಿ ಮಾಡುವುದಾದರೆ ಪೂರ್ತಿಯಾಗಿ ಮಾಡು: ದಶಮಿ, ವಿಶ್ರಾಂತಿ, ಭಜನೆ, ಹೊತ್ತಿಗೆ ಸರಿಯಾದ ಪಾರಣೆ ಎಲ್ಲವೂ ಸೇರಿ. ಆ ದಿನ ಓಡಬೇಡ. ನೀರೂ ಕುಡಿಯದೆ ಓಡುವುದಂತೂ ಪ್ರಾಣಕ್ಕೆ ಅಪಾಯ. ಓಡುವ ದಿನ ಉಂಡು ಓಡು. ಆದರೆ ಈಗಲೇ ಏಕಾದಶಿ ಬೇಡ. ಮುಟ್ಟು ಮತ್ತೆ ಕ್ರಮವಾಗಿ ಬಂದು, ಮೂಳೆ ಗಟ್ಟಿಯಾಯಿತೆಂದು ವೈದ್ಯರು ಹೇಳುವ ತನಕ ನೀನು ಅಜ್ಜಿಯ ಲೆಕ್ಕದಲ್ಲಿ ಉಪವಾಸದಿಂದ ಬಿಡುಗಡೆ ಪಡೆದವಳು. ಅಲ್ಲಿಯವರೆಗೆ ಮೂರು ಹೊತ್ತು ಕುಳಿತು, ಅಳುಕದೆ, ದೇವರಿಗೆ ನೈವೇದ್ಯ ಮಾಡಿದ ಅನ್ನವನ್ನು ಸಾಕಷ್ಟು ಉಣ್ಣುವುದೇ ನಿನ್ನ ವ್ರತ. ಉಪವಾಸಕ್ಕಿಂತ ಇದು ನಿನಗೆ ಕಷ್ಟವಾಗುತ್ತದೆ ಎಂದು ನನಗೆ ಗೊತ್ತು. ಅದಕ್ಕೇ ಇದನ್ನು ತಪಸ್ಸು ಎನ್ನುತ್ತಿದ್ದೇನೆ.